ಹಿಡಿತ ಇರುವುದು ಟೈರಿನಲ್ಲಿ

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ರೇಸ್ ಕಾರು ಅಂದ ಕೂಡಲೇ ನಮ್ಮ ಹುಡುಗರು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್? ಅದನ್ನು ಸ್ವಲ್ಪ ಬದಿಗಿಡಿ. ಕಾರು ನೆಲ ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಗಲ, ರೇಸ್ ಟೈರಾದರೆ ಇನ್ನೊಂಚೂರು ಜಾಸ್ತಿ. ಬ್ರೇಕು, ತಿರುವು, ವೇಗ ಎಲ್ಲವೂ ಅಲ್ಲಿಂದಲೇ ಆಗಬೇಕು.

ಟೈರು ನೆಲವನ್ನು ಹಿಡಿಯುವ ಆ ಹಿಡಿತವನ್ನು ಜೇಬಿನಲ್ಲಿರುವ ನೂರು ರೂಪಾಯಿ ಅಂದುಕೊಳ್ಳಿ. ಪೂರ್ತಿ ಬ್ರೇಕಿಗೇ ಖರ್ಚು ಮಾಡಿದರೆ ತಿರುಗುವುದಕ್ಕೆ ಏನುಳಿಯಿತು? ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಇದೇ ಅಂಡರ್‌ಸ್ಟೀರ್.

ದಾವಣಗೆರೆಯ ಹುಡುಗನೊಬ್ಬ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನನ್ನ ಹತ್ತಿರ ರೇಸ್ ಡ್ರೈವಿಂಗ್ ಕಲಿಯುತ್ತಿದ್ದ. ಟ್ರ್ಯಾಕಿನಿಂದ ಬಂದಾಗಲೆಲ್ಲ ಒಂದೇ ಮಾತು: "ಸರ್, ಮುಂದಿನ ಚಕ್ರ ಜಾರ್ತಿದೆ, ಸಸ್ಪೆನ್ಷನ್ ಸರಿಯಿಲ್ಲ." ನಾನು ಹೋಗಿ ತಿರುವಿನ ಹತ್ತಿರ ನಿಂತೆ. ಇವನು ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತಿ, ಫಟ್ ಅಂತ ಬಿಟ್ಟು, ಒಮ್ಮೆಲೇ ಸ್ಟೇರಿಂಗ್ ಎಳೆಯುತ್ತಿದ್ದ. ಬ್ರೇಕ್ ಒತ್ತಿದಾಗ ಭಾರ ಮುಂದಿನ ಚಕ್ರಗಳ ಮೇಲೆ ಬರುತ್ತದೆ. ಭಾರ ಬಿದ್ದರೆ ಹಿಡಿತ ಹೆಚ್ಚುತ್ತದೆ. ಫಟ್ ಅಂತ ಬಿಟ್ಟರೆ ಆ ಭಾರ ಹಿಂದಕ್ಕೆ ಹೋಯಿತು. ಸರಿಯಾಗಿ ಆಗಲೇ ಇವನಿಗೆ ತಿರುವು ಬೇಕು! "ಕಾರಲ್ಲಿ ಏನೂ ಮುಟ್ಟಬೇಡ. ಸ್ವಲ್ಪ ಮುಂಚೆ ಬ್ರೇಕ್ ಹಿಡಿ. ಸ್ಟೇರಿಂಗ್ ತಿರುಗಿಸಿದ ಹಾಗೆಲ್ಲ ಬ್ರೇಕ್ ಮೆಲ್ಲಗೆ ಬಿಡುತ್ತಾ ಹೋಗು" ಅಂದೆ. "ಮುಂಚೆ ಹಿಡಿದರೆ ಸ್ಲೋ ಆಗಲ್ವಾ ಸರ್?" ಅಂದ. "ಹೋಗಿ ನೋಡಪ್ಪ" ಅಂದೆ. ಸಂಜೆ ಹೊತ್ತಿಗೆ ಅದೇ ಕಾರು, ಅದೇ ಟೈರು, ತಿರುವಿನೊಳಕ್ಕೆ ಸಲೀಸಾಗಿ ನುಗ್ಗುತ್ತಿತ್ತು. ಲ್ಯಾಪ್ ಟೈಮೂ, ಅಂದರೆ ಟ್ರ್ಯಾಕ್ ಒಂದು ಸುತ್ತು ಹಾಕುವ ಸಮಯವೂ, ಇಳಿದಿತ್ತು. ಅವನ ಮುಖ ನೋಡಬೇಕಿತ್ತು ನೀವು!

1969, 1971, 1973ರಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟೀವರ್ಟ್ ಓಡಿಸುತ್ತಿದ್ದುದೂ ಹೀಗೇ, ನಯವಾಗಿ. ಇರುವುದು ನೂರೇ ರೂಪಾಯಿ. ಟೈರ್ ಕಿರುಚಿಸಿ ತಿರುಗಿಸುವುದೇ ಡ್ರೈವಿಂಗ್ ಅಂದುಕೊಂಡವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ.

ಸಮಯ ಆಗುತ್ತಾ ಬಂತು, ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಒಮ್ಮೆಲೇ ಬಿಡಬೇಡಿ. ಹಿಂದಿನ ಚಕ್ರ ಹಗುರಾಗಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅದು ಓವರ್‌ಸ್ಟೀರ್. ಇನ್ನು ರೇಸಿನ ಸ್ಲಿಕ್ ಟೈರು, ಅಂದರೆ ಮೇಲೆ ಗೀರುಗಳಿಲ್ಲದ ನುಣುಪು ಟೈರು, ಚೆನ್ನಾಗಿ ಹಿಡಿಯಲು ಸುಮಾರು 80ರಿಂದ 100 ಡಿಗ್ರಿ ಬಿಸಿ ಬೇಕು. ಜಾಸ್ತಿ ಜಾರಿಸಿದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬಿಸಿಯಾದಾಗ ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. ನಿಮ್ಮ ಮನೆ ಕಾರಿಗೂ ಇದೇ ಲೆಕ್ಕ. ಹಿರಿಯೂರಿನಿಂದ ದಾವಣಗೆರೆಗೆ ಓಡಿಸಿಕೊಂಡು ಬಂದ ತಕ್ಷಣ ಗಾಳಿ ಜಾಸ್ತಿ ತೋರಿಸಿತು ಅಂತ ತೆಗೆಯಬೇಡಿ. ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸಿ. ನಮಸ್ಕಾರ.