ಹಳೇ ಟೋಕನ್ ನಂಬರು

ನಮಸ್ಕಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಹನ್ನೊಂದು ವರ್ಷ ದುಡಿದ ಮೇಲೆ, 2017ರಲ್ಲಿ, ಹಿತ್ತಾಳೆ ಚೂರು ಕದ್ದೆ ಅಂತ ನನ್ನನ್ನು ಕೆಲಸದಿಂದ ತೆಗೆದರು. ವಿಚಾರಣೆ ಅಂತ ಒಂದು ನಡೆಯಿತು, ಒಂದೇ ಮಧ್ಯಾಹ್ನ. ಸಾಕ್ಷಿ ಹೇಳಿದವರನ್ನು ಎರಡು ಪ್ರಶ್ನೆ ಕೇಳುತ್ತೇನೆ ಅಂದೆ. ಬೇಡ ಅಂದರು. ಆ 'ಬೇಡ'ವೇ ಮುಂದೆ ನನ್ನನ್ನು ಕಾಪಾಡಿತು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಅಲೆದೆ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅರ್ಜಿ ಕೊಟ್ಟು 45 ದಿನವಾದರೂ ರಾಜಿ ಆಗದಿದ್ದರೆ ನಾವೇ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಹೋದೆ. ವಾಯಿದೆ ಮೇಲೆ ವಾಯಿದೆ, ನಾಲ್ಕು ವರ್ಷ. ನಡುವೆ ಆಟೋ ಓಡಿಸಿದೆ. ಅದನ್ನು ಮುಚ್ಚಿಡಲಿಲ್ಲ, ಹಾಗಾಗಿ ಹಿಂಬಾಕಿ ಸಂಬಳ ಅರ್ಧ ಮಾತ್ರ ಸಿಕ್ಕಿತು. ಆದರೆ ಸಾಕ್ಷಿಗಳನ್ನು ಪ್ರಶ್ನಿಸಲು ಬಿಡದ ವಿಚಾರಣೆ ನ್ಯಾಯವಲ್ಲ, ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು, ಸೇವೆ ಮುಂದುವರಿದಂತೆ ಲೆಕ್ಕ ಅಂತ ಆದೇಶವಾಯಿತು.

(ಈಗ ಕಾಯ್ದೆ ಬೇರೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಎರಡು ವರ್ಷ ದಾಟಿದ ವಿವಾದವನ್ನು ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ. ನೋಡೋಣ ಅಂತ ಸುಮ್ನೆ ಕೂರಬೇಡಿ.)

ವಾಪಸ್ ಹೋದ ದಿನ ಆಫೀಸಿನಲ್ಲಿ ಒಂದು ಕಾಗದ ಮುಂದಿಟ್ಟರು. "ಇಲ್ಲೊಂದು ಸೈನ್ ಹಾಕಿಬಿಡಿ, ಫಾರ್ಮಾಲಿಟಿ." ನೋಡಿದರೆ ಹೊಸ ನೇಮಕಾತಿ ಪತ್ರ! ಹೊಸ ಟೋಕನ್ ನಂಬರು (ಕಾರ್ಖಾನೆಯಲ್ಲಿ ಕೆಲಸಗಾರನ ಗುರುತಿನ ಸಂಖ್ಯೆ), ಆವತ್ತಿನದೇ ತಾರೀಖು. ಸೈನ್ ಹಾಕಿದ್ದರೆ ನಾನು ಆವತ್ತು ಸೇರಿದ ಹೊಸಬ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಸೇವೆಯ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಅಲ್ವಾ? ಹಿಂದಿನ ಅಷ್ಟೂ ವರ್ಷ ಒಂದು ಸಹಿಯಲ್ಲಿ ತಕರಾರಿಗೆ ಬೀಳುತ್ತಿತ್ತು. ಕೈ ನಡುಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಪೆನ್ನು ಕೆಳಗಿಟ್ಟೆ. "ಆದೇಶದ ಪ್ರಕಾರ ಹಾಜರಾಗಿದ್ದೇನೆ" ಅಂತ ನಾನೇ ಬರೆದು ತಂದಿದ್ದ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಮೂರು ದಿನ ಕಾಯಿಸಿದರು. ಆಮೇಲೆ ಹಳೇ ನಂಬರೇ ಬಂತು.

ಲೇತಿನ ಹಿಡಿ ಹಿಡಿದ ಅರ್ಧ ಗಂಟೆಗೆ ಕೈಗೆ ಕೆಲಸ ನೆನಪಾಯಿತು. ಕಷ್ಟವಾದದ್ದು ಟೀ ಬಿಡುವು. ವಿಚಾರಣೆಯಲ್ಲಿ ನನ್ನ ವಿರುದ್ಧ ಸಹಿ ಹಾಕಿದವನು ಪಕ್ಕದ ಮಿಷಿನ್‌ನವನು. ಅವನಿಗೂ ಮಕ್ಕಳಿದ್ದರು, ಹೆದರಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಹೊಟ್ಟೆಯುರಿ ಹೋಗುವುದಿಲ್ಲ.

ಈಗಲೂ ಲೋಟ ಹಿಡಿದು ಪಕ್ಕದಲ್ಲೇ ನಿಲ್ಲುತ್ತಾನೆ. ಮಳೆ ಬರುತ್ತೇನೋ ಅನ್ನುತ್ತಾನೆ. ಬರಬಹುದು ಅನ್ನುತ್ತೇನೆ.