ಸತ್ತ ಕೋಳಿ ಯಾರದು?

ಕೇಳುಗರೇ, ನಮಸ್ಕಾರ.

ಇವತ್ತು ಬಾಯ್ಲರ್ ಕೋಳಿಯ ಬಗ್ಗೆ ಮಾತಾಡೋಣ. ಕೋಳಿ ತಿನ್ನಬೇಕೋ ಬೇಡವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅದು ಅವರವರ ಮನೆಯ ವಿಚಾರ. ಆದರೆ ಆ ಕೋಳಿಯನ್ನು ಸಾಕುವವರು, ರಾತ್ರಿ ಹಿಡಿದು ಲಾರಿಗೆ ತುಂಬುವವರು, ಅಂಗಡಿಯಲ್ಲಿ ಕೊಯ್ಯುವವರು ನಮ್ಮ ನಡುವೆಯೇ ಇದ್ದಾರೆ. ಈ ವ್ಯವಹಾರದಲ್ಲಿ ಲಾಭ ಯಾರ ಕಡೆ ಹೋಗುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂದು ತಿನ್ನುವವರೂ ತಿನ್ನದವರೂ ತಿಳಿದಿರಬೇಕು.

ಒಂದು ಬ್ಯಾಚ್ ಹೇಗೆ ಶುರುವಾಗುತ್ತದೆ ಎಂದು ನೋಡಿ. ಒಂದು ದಿನದ ಮರಿ ಶೆಡ್ಡಿಗೆ ಇಳಿಯುವಾಗ ಸುಮಾರು 40 ಗ್ರಾಂ ತೂಗುತ್ತದೆ. ಅದು ಬರುವ ಮೊದಲೇ ನೆಲಕ್ಕೆ ಭತ್ತದ ಹೊಟ್ಟು ಹರಡಿ, ಮೇಲೆ ಹಳೇ ಪೇಪರ್ ಹಾಸಿ, ಸುತ್ತ ತಗಡು ಕಟ್ಟಿ, ಬಲ್ಬು ಇಳಿಬಿಟ್ಟಿರುತ್ತಾರೆ. ಕರೆಂಟ್ ಹೋದರೆ ಇರಲಿ ಅಂತ ಇದ್ದಿಲ ಒಲೆಯೂ ಸಿದ್ಧವಿರುತ್ತದೆ. ಮೊದಲ ವಾರ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಬಿಸಿ ಕಮ್ಮಿಯಾದರೆ ಮರಿಗಳು ಒಂದರ ಮೇಲೊಂದು ಬಿದ್ದು, ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಬಿಸಿ ಜಾಸ್ತಿಯಾದರೆ ಬಾಯಿ ತೆರೆದು ಏದುಸಿರು ಬಿಡುತ್ತಾ ತಗಡಿನ ಅಂಚಿಗೆ ಸರಿಯುತ್ತವೆ. ನಡುರಾತ್ರಿ ಎದ್ದು ಹೋಗಿ ನೋಡುವವರು ಎಷ್ಟೋ ಕಡೆ ಮನೆಯ ಹೆಂಗಸರೇ. ಆ ದುಡಿಮೆಗೆ ಬೇರೆ ಕೂಲಿ ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಇನ್ನು ಕಂಪನಿಯ ಜೊತೆ ಕರಾರು ಮಾಡಿಕೊಂಡು ಕೋಳಿ ಸಾಕುವ ಮಾತು. ದಕ್ಷಿಣ ಭಾರತದಲ್ಲಿ ಈ ಪದ್ಧತಿ 1990ರ ದಶಕದಲ್ಲಿ ಕೊಯಮತ್ತೂರು ಕಡೆ ಬೆಳೆದು, ಆಮೇಲೆ ನಮ್ಮಲ್ಲಿಗೂ ಬಂತು. ಮರಿ, ಫೀಡ್, ಔಷಧಿ, ನೋಡಿಕೊಳ್ಳಲು ಒಬ್ಬ ಸೂಪರ್‌ವೈಸರ್, ಇಷ್ಟು ಕಂಪನಿಯದು. ಜಾಗ, ಶೆಡ್ಡು, ನೀರು, ಕರೆಂಟು, ಹೊಟ್ಟು, ಮೈಮುರಿದು ದುಡಿಯುವುದು ರೈತನದು. ಕೊನೆಗೆ ಕೋಳಿ ಕಂಪನಿಗೆ ಹೋಗುತ್ತದೆ. ರೈತನಿಗೆ ಕೆಜಿ ಲೆಕ್ಕದಲ್ಲಿ ಸಾಕಿದ ಕೂಲಿ ಸಿಗುತ್ತದೆ.

ಇದರಲ್ಲಿ ಒಳ್ಳೆಯದು ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಸ್ವಂತ ದುಡ್ಡಲ್ಲಿ ಮರಿ, ಫೀಡ್ ತಂದು ಸಾಕುವವರಿಗೆ ರೇಟು ಬಿದ್ದ ದಿನ ಮನೆಯೇ ಮುಳುಗುತ್ತದೆ. ಕರಾರಿನಲ್ಲಿ ಆ ಹೊಡೆತ ನೇರವಾಗಿ ಬೀಳುವುದಿಲ್ಲ. ಕೈಯಲ್ಲಿ ಬಂಡವಾಳ ಇಲ್ಲದ ಸಣ್ಣ ರೈತರು ಈ ಕಸುಬಿಗೆ ಬಂದದ್ದೇ ಅದಕ್ಕೆ.

ಆದರೆ ಲೆಕ್ಕ ಹಾಕಿ ನೋಡಿ. ಸುಮ್ನೆ ಲೆಕ್ಕಕ್ಕೆ ಕೆಜಿಗೆ 7 ರೂಪಾಯಿ ಎಂದುಕೊಳ್ಳೋಣ. 5,000 ಕೋಳಿ, ತಲಾ 2 ಕೆಜಿ. ಒಂದೂ ಸಾಯದಿದ್ದರೆ 10,000 ಕೆಜಿ, ಅಂದರೆ 70,000 ರೂಪಾಯಿ. ಇದು ಇಬ್ಬರು ಮೂವರು ದುಡಿದ ಸುಮಾರು ಎರಡು ತಿಂಗಳ ದುಡ್ಡು. ಯಾಕೆಂದರೆ ಬ್ಯಾಚ್ ಖಾಲಿಯಾದ ಮೇಲೆ ಶೆಡ್ ತೊಳೆದು, ಸುಣ್ಣ ಬಳಿದು, ಕೆಲವು ದಿನ ಹಾಗೇ ಬಿಡಬೇಕು. ಈ 70,000ದಲ್ಲಿ ಹೊಟ್ಟು, ಕರೆಂಟ್ ಬಿಲ್, ಇದ್ದಿಲು, ಆಳಿನ ಕೂಲಿ ಕಳೆಯಿರಿ. ಶೆಡ್ ಕಟ್ಟಲು ತಂದ ಸಾಲದ ಕಂತು ಕಳೆಯಿರಿ. ಕೋಳಿಗೆ ಒಂದು ಚದರ ಅಡಿಯಂತೆ ಹಿಡಿದರೂ 5,000 ಚದರ ಅಡಿ ಕಟ್ಟಡ ಬೇಕು. ಆ ಸಾಲಕ್ಕೆ ಅಡ ಇಟ್ಟಿರುವುದು ಎಷ್ಟೋ ಸಲ ಜಮೀನಿನ ಪತ್ರ.

ಕೂಲಿಯಾದರೂ ಪೂರ್ತಿ ಕೈಗೆ ಬರುತ್ತದಾ? ಎಷ್ಟು ಕೆಜಿ ಫೀಡ್ ತಿಂದು ಕೋಳಿ ಎಷ್ಟು ಕೆಜಿ ಬಂತು ಎಂದು ಕಂಪನಿ ನೋಡುತ್ತದೆ. ಹೇಳಿದ್ದಕ್ಕಿಂತ ಜಾಸ್ತಿ ಫೀಡ್ ಹೋಗಿದ್ದರೆ ಕಡಿತ. ಹೇಳಿದ್ದಕ್ಕಿಂತ ಜಾಸ್ತಿ ಕೋಳಿ ಸತ್ತಿದ್ದರೆ ಕಡಿತ. ಮರಿಯೇ ನಿತ್ರಾಣವಾಗಿ ಬಂದಿತ್ತಾ, ಫೀಡೇ ಸರಿಯಿರಲಿಲ್ಲವಾ ಎಂದು ಸಾಬೀತು ಮಾಡಲು ರೈತನ ಕೈಯಲ್ಲಿ ಏನಿದೆ? ಸತ್ತ ಕೋಳಿಗೆ ಗುಂಡಿ ತೋಡುವುದೂ ಅವನೇ. ವಾಸನೆ, ನೊಣ ಅಂತ ಊರವರು ಜಗಳಕ್ಕೆ ಬರುವುದೂ ಅವನ ಬಾಗಿಲಿಗೇ. ಬದುಕಿದ ಕೋಳಿ ಕಂಪನಿಯದು, ಸತ್ತ ಕೋಳಿ ರೈತನದು. ಇದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಆ ಕೋಳಿಯ ಮೈಯನ್ನೇ ನೋಡೋಣ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮೂರು ಕಾಲದ ತಳಿಗಳನ್ನು ಒಂದೇ ಆಹಾರ ಕೊಟ್ಟು ಸಾಕಿದರು. 56ನೇ ದಿನಕ್ಕೆ 1957ರ ತಳಿ 905 ಗ್ರಾಂ ಇತ್ತು. 1978ರದ್ದು 1,808 ಗ್ರಾಂ. 2005ರದ್ದು 4,202 ಗ್ರಾಂ! ಇದು 2014ರಲ್ಲಿ ಪ್ರಕಟವಾದ ಲೆಕ್ಕ. ಹಾರ್ಮೋನ್ ಇಂಜೆಕ್ಷನ್ ಚುಚ್ಚಿ ಬೆಳೆಸುತ್ತಾರೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗಲ್ಲ, ಈ ಬೆಳವಣಿಗೆಯನ್ನು ತಳಿಯಲ್ಲೇ ತಂದಿದ್ದಾರೆ. ಎದೆಯ ಮಾಂಸ ಬೆಳೆದ ವೇಗಕ್ಕೆ ಕಾಲಿನ ಮೂಳೆ, ಗುಂಡಿಗೆ, ಶ್ವಾಸಕೋಶ ಬೆಳೆಯಲಾರವು. ಐದನೇ ವಾರದಲ್ಲಿ ಶೆಡ್ಡಿಗೆ ಹೋದರೆ, ನಾಲ್ಕು ಹೆಜ್ಜೆ ನಡೆದು ಕೂರುವ ಕೋಳಿಗಳು ಕಾಣುತ್ತವೆ. ಚೆನ್ನಾಗಿದ್ದ ಕೋಳಿ ಒಮ್ಮೆಲೇ ರೆಕ್ಕೆ ಬಡಿದು ಅಂಗಾತ ಬಿದ್ದು ಸಾಯುವುದೂ ಉಂಟು. ಏಪ್ರಿಲ್ ಬಿಸಿಲಿಗಂತೂ ಫ್ಯಾನು ನಿಂತರೆ ಮುಗಿಯಿತು.

ಈ ಮರಿಗಳ ತಾಯಿಯ ಪಾಡು ಇನ್ನೂ ಕಷ್ಟ. ಅದಕ್ಕೂ ಅದೇ ಹಸಿವು, ಅದೇ ವೇಗ. ಹೊಟ್ಟೆತುಂಬ ಹಾಕಿದರೆ ಕೊಬ್ಬಿ, ಸರಿಯಾಗಿ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಅಳೆದು ಹಾಕುತ್ತಾರೆ. ಬೆಳೆಯುವ ತಿಂಗಳುಗಳಲ್ಲಿ ಆ ಕೋಳಿ ಹಸಿದುಕೊಂಡೇ ಇರುತ್ತದೆ.

ಔಷಧಿಯ ವಿಷಯವೂ ಇದೆ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದೆಹಲಿ ಸುತ್ತಮುತ್ತಲಿನ 70 ಕೋಳಿ ಮಾದರಿಗಳನ್ನು ಪರೀಕ್ಷೆ ಮಾಡಿಸಿತು. ಅದರಲ್ಲಿ ನೂರಕ್ಕೆ 40ರಷ್ಟರಲ್ಲಿ ಆಂಟಿಬಯೋಟಿಕ್ ಉಳಿದಿತ್ತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಕೊಡುವ ಕೊಲಿಸ್ಟಿನ್ ಅನ್ನು ಕೋಳಿಗೆ ಹಾಕುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಹಾಗೆ ಹಾಕುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ ಅದು.

ಈಗ ರಾತ್ರಿ ಬರುವ ಹುಡುಗರ ವಿಷಯ. ಕೋಳಿ ಎತ್ತುವುದು ಸಾಮಾನ್ಯವಾಗಿ ರಾತ್ರಿ. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ, ತಂಪೂ ಇರುತ್ತದೆ. ಗಾಡಿಯ ಜೊತೆಗೇ ನಾಲ್ಕೈದು ಹುಡುಗರು ಬರುತ್ತಾರೆ. ಬಗ್ಗಿ, ಕಾಲು ಹಿಡಿದು, ಒಂದೊಂದು ಕೈಯಲ್ಲಿ ಮೂರು ನಾಲ್ಕು ಕೋಳಿ ಎತ್ತಿ, ಕ್ರೇಟಿಗೆ ತುಂಬಿ, ತೂಕ ಹಾಕಿ ಲೋಡ್ ಮಾಡಬೇಕು. ಹೊಟ್ಟಿನ ಧೂಳು ಏಳುತ್ತದೆ. ಹಿಕ್ಕೆಯ ಘಾಟಿಗೆ ಕಣ್ಣು ಉರಿಯುತ್ತದೆ. ಮುಖಕ್ಕೆ ಇದ್ದರೆ ಒಂದು ಟವೆಲ್. ಉಗುರು ಪರಚಿ ಮುಂಗೈ ತುಂಬ ಗೀರು. ಅವಸರಕ್ಕೆ ಕೋಳಿಯ ರೆಕ್ಕೆ ಮುರಿಯುತ್ತದೆ, ಕಾಲು ಉಳುಕುತ್ತದೆ. ಹುಡುಗನನ್ನು ಬೈದು ಏನು ಪ್ರಯೋಜನ? ಬೆಳಗಾಗುವುದರೊಳಗೆ ಗಾಡಿ ಅಂಗಡಿ ಮುಟ್ಟಬೇಕು, ಅವನಿಗೆ ಲೋಡಿನ ಲೆಕ್ಕದಲ್ಲಿ ಕೂಲಿ. ಅವನ ಕೈಗೆ ಪೆಟ್ಟಾದರೆ ಯಾರನ್ನು ಕೇಳಬೇಕು? ಕಂಪನಿ ವ್ಯಾಪಾರಿಯ ಕಡೆ ತೋರಿಸುತ್ತದೆ. ವ್ಯಾಪಾರಿ ಮೇಸ್ತ್ರಿಯ ಕಡೆ. ರೈತನಂತೂ ಅವನ ಹೆಸರನ್ನೂ ಕೇಳಿರುವುದಿಲ್ಲ.

2020ರ ಮಾರ್ಚ್ ನೆನಪಿದೆಯಲ್ವಾ? ಕೋಳಿಯಿಂದ ಕೊರೊನಾ ಬರುತ್ತದೆ ಎಂದು ಸುಳ್ಳು ಸುದ್ದಿ ಹಬ್ಬಿತು. ರೇಟು ನೆಲ ಕಚ್ಚಿತು. ಸಾಕಿದ ಖರ್ಚೂ ಹುಟ್ಟದೆ, ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ, ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ರೈತರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಆ ವಿಡಿಯೋ ನೋಡಿದವರಿಗೆ ಗೊತ್ತು. ಅದನ್ನು ಮಾಡಿದ ರೈತರನ್ನು ಕಟುಕರು ಎಂದು ಬೈದವರಿದ್ದರು. ನನಗೆ ಕಂಡದ್ದು ಒಂದೇ ಗುಂಡಿಯಲ್ಲಿ ಎರಡು ಅನ್ಯಾಯ. ಕೋಳಿಗೂ ದಾರಿಯಿರಲಿಲ್ಲ, ರೈತನಿಗೂ ದಾರಿಯಿರಲಿಲ್ಲ.

ದಾರಿ ಇಲ್ಲವೇ ಇಲ್ಲ ಅಂತೇನಲ್ಲ. ಕೇಂದ್ರ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿ ಮತ್ತು ಬಾಯ್ಲರ್ ಕೋಳಿ ಸಾಕಣೆಗೆ ಕರಡು ನಿಯಮಗಳನ್ನೇ ಬರೆದುಕೊಟ್ಟಿತು. ತಮಿಳುನಾಡು 2019ರಲ್ಲಿ ಬೆಳೆ ಮತ್ತು ಜಾನುವಾರು ಎರಡಕ್ಕೂ ಸೇರಿಸಿ ಕರಾರು ಸಾಕಣೆ ಕಾನೂನು ತಂದಿತು. ಕಾಗದದಲ್ಲಿ ಇದ್ದದ್ದೆಲ್ಲ ಶೆಡ್ಡಿಗೆ ಇಳಿಯುವುದು ಬೇರೆ ಮಾತು. ಆದರೂ ಸಾಕುವ ಕೂಲಿಗೆ ಒಂದು ತಳ ದರ, ಒಂದು ಕೋಳಿಗೆ ಇಷ್ಟು ಜಾಗ ಎಂಬ ಕಟ್ಟುನಿಟ್ಟು, ಕೋಳಿ ಎತ್ತುವವರಿಗೆ ಗ್ಲೌಸು, ಮಾಸ್ಕು, ವಿಮೆ, ಇಷ್ಟನ್ನು ಕೇಳುವುದು ದೊಡ್ಡ ಆಸೆಯೇನಲ್ಲ. ಅದರಿಂದ ಕೋಳಿಯ ರೇಟು ಸ್ವಲ್ಪ ಏರಿದರೆ ತಿನ್ನುವವರು ಕೊಡಲಿ.

ಈ ಮಾತು ಕೇಳುತ್ತಿರುವವರಲ್ಲಿ ಕೋಳಿ ಸಾಕುವವರೂ ಇರಬಹುದು. ಮುಂದಿನ ಬ್ಯಾಚ್ ಮರಿ ಇಳಿಸಿಕೊಳ್ಳುವ ಮೊದಲು ಕರಾರಿನ ಪ್ರತಿಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಫೀಡ್ ಮೂಟೆ ಬಂದ ತಾರೀಕು, ಮರಿಯ ತೂಕ, ದಿನಕ್ಕೆ ಎಷ್ಟು ಸತ್ತವು ಎಂದು ನಿಮ್ಮದೇ ಒಂದು ಪುಸ್ತಕದಲ್ಲಿ ಬರೆದು, ಸೂಪರ್‌ವೈಸರ್ ಬಂದಾಗಲೆಲ್ಲ ಅದಕ್ಕೆ ಸಹಿ ಹಾಕಿಸಿಕೊಳ್ಳಿ. ಒಬ್ಬರೇ ಕೇಳಿದರೆ ಮರಿ ಕೊಡುವುದಿಲ್ಲ ಎಂದು ಹೆದರಿಸಬಹುದು. ಊರಿನ ಶೆಡ್ಡಿನವರೆಲ್ಲ ಸೇರಿ ಕೇಳಿ.

ನಮಸ್ಕಾರ.