ಯಾವ ಕಾಲಮ್ಮಿನಲ್ಲಿ ಬರೆಯೋಣ?

ಕೇಳುಗರಿಗೆ ನಮಸ್ಕಾರ.

ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಇಗರ್ಜಿ, ಬಂದರಿನಲ್ಲಿ ಝೀನತ್ ಬಕ್ಷ್ ಪಳ್ಳಿ, ರಥಬೀದಿಯಲ್ಲಿ ವೆಂಕಟರಮಣ ದೇವಸ್ಥಾನ. ನಡೆದುಕೊಂಡೇ ಮೂರನ್ನೂ ಸುತ್ತಿ ಬರಬಹುದಾದ ಊರು ನಮ್ಮದು. ಇಗರ್ಜಿಯೂ ಪಳ್ಳಿಯೂ ಅಪರೂಪವಾಗಿರುವ ದೇಶಗಳಿವೆ ಎಂದರೆ ಮಂಗಳೂರಿನವರಿಗೆ ಊಹಿಸಿಕೊಳ್ಳಲು ತುಸು ಕಷ್ಟವೇ.

ಜಗತ್ತಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕ್ರೈಸ್ತರು ಇಲ್ಲವೇ ಮುಸ್ಲಿಮರು. ಆದರೆ ನೇಪಾಳ, ಭೂತಾನ, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ಮಂಗೋಲಿಯಾ, ಜಪಾನ್‌ಗಳಲ್ಲಿ ಎರಡೂ ಧರ್ಮದವರನ್ನು ಕೂಡಿಸಿದರೂ ನೂರಕ್ಕೆ ಹತ್ತು ದಾಟುವುದಿಲ್ಲ. ಚೀನಾದಲ್ಲಿ ಶೇಕಡಾವಾರು ಕಡಿಮೆಯಾದರೂ ತಲೆ ಎಣಿಸಿದರೆ ಕೋಟಿಗಟ್ಟಲೆ ಆಗುತ್ತದೆ. ಅದನ್ನು ಇವತ್ತು ಬಿಡೋಣ. ಉಳಿದ ಈ ದೇಶಗಳ ಜನರ ಧರ್ಮವನ್ನು ಗಣತಿಯ ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂಬುದೇ ಇವತ್ತಿನ ಮಾತು.

ಜಪಾನಿನ ಕಥೆಗೆ ನಮ್ಮ ಕಡೆಯ ನಂಟೇ ಇದೆ. ಹಳೇಗೋವಾದ ಫೆಸ್ತಿಗೆ ಇಲ್ಲಿಂದ ಜನ ಹೋಗುತ್ತಾರಲ್ಲ, ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಗೋವಾದಿಂದಲೇ ಹೊರಟು ಜಪಾನಿನ ಕಾಗೋಶಿಮಾದಲ್ಲಿ ಇಳಿದರು. ಅಲ್ಲಿ ಕ್ರೈಸ್ತ ಧರ್ಮ ಬೇಗ ಬೇರೂರಿತು. ಐದಾರು ದಶಕಗಳಲ್ಲಿ ಲಕ್ಷಗಟ್ಟಲೆ ಜನ ದೀಕ್ಷೆ ಪಡೆದರು. ಪಾದ್ರಿಗಳ ಹಿಂದೆಯೇ ಸ್ಪೇನ್, ಪೋರ್ಚುಗಲ್‌ಗಳ ಫಿರಂಗಿಗಳೂ ಬಂದಾವು ಎಂಬ ಅಂಜಿಕೆ ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನಕ್ಕಿತ್ತು. 1614ರಲ್ಲಿ ದೇಶದಾದ್ಯಂತ ನಿಷೇಧ ಬಂತು. ಆಮೇಲೆ ಸಂಶಯ ಬಂದವರನ್ನು ಕರೆದು, ಏಸುವಿನ ಅಥವಾ ಮರಿಯಮ್ಮನ ಪಟವನ್ನು ಕಾಲಿನಿಂದ ತುಳಿಯಿರಿ ಎನ್ನುತ್ತಿದ್ದರು. ತುಳಿಯಲು ಒಪ್ಪದವರಿಗೆ ಸೆರೆ, ಚಿತ್ರಹಿಂಸೆ, ಮರಣ.

ಉಳಿದವರು ನಂಬಿಕೆಯನ್ನು ಮನೆಯೊಳಗೆ ಅಡಗಿಸಿಟ್ಟರು. ಅವರ ಮರಿಯಮ್ಮ ಹೊರನೋಟಕ್ಕೆ ಬೌದ್ಧರ ಕಾನ್ನೊನ್ ಆಗಿದ್ದಳು. ಈ ಕಾನ್ನೊನ್ ಬೇರೆ ಯಾರೂ ಅಲ್ಲ, ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರ. ನಮ್ಮ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಸ್ಥಾಪಿಸಿದ ಕಂಚಿನ ಲೋಕೇಶ್ವರ ಇದ್ದಾನಲ್ಲ, ಆತನೂ ಅವಲೋಕಿತೇಶ್ವರನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಶಾಸನದಲ್ಲಿ ಕದ್ರಿಯನ್ನು ವಿಹಾರ, ಅಂದರೆ ಬೌದ್ಧ ಮಠಕ್ಕೆ ಹೇಳುವ ಹೆಸರಿನಿಂದಲೇ ಕರೆದಿದೆ. ನಾಗಸಾಕಿ ಕಡೆಯ ರೈತರು ಮರಿಯಮ್ಮನನ್ನು ಮರೆಮಾಡಿದ್ದು ನಮ್ಮ ಕದ್ರಿಯ ದೇವರ ರೂಪದಲ್ಲಿ ಎಂದು ನಾನು ಹೇಳಿದರೆ ತೀರಾ ತಪ್ಪಾಗಲಾರದು.

1865ರಲ್ಲಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಗೆ ಕೆಲವು ಹಳ್ಳಿಗರು ಬಂದು, ನಿಮ್ಮದೇ ನಂಬಿಕೆ ನಮ್ಮದೂ ಎಂದು ಫ್ರೆಂಚ್ ಪಾದ್ರಿಗೆ ತಿಳಿಸಿದರು. 1873ರಲ್ಲಿ ನಿಷೇಧ ತೆರವಾಯಿತು. ಅಷ್ಟಾದರೂ ಇವತ್ತಿಗೂ ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಮದುವೆ ಮಾತ್ರ ಬಿಳಿ ಗೌನ್ ತೊಟ್ಟು ಚಾಪೆಲ್‌ನಲ್ಲಿ ಆಗುವುದು ಬಹಳ ಮಂದಿಗೆ ಇಷ್ಟ! ಹೊಸ ವರ್ಷಕ್ಕೆ ಜಪಾನಿನದೇ ಹಳೆಯ ಧರ್ಮವಾದ ಶಿಂಟೋದ ಗುಡಿ, ಸತ್ತಾಗ ಬೌದ್ಧ ಭಿಕ್ಷು. ಜಪಾನಿನ ಜನಸಂಖ್ಯೆ ಸುಮಾರು 12 ಕೋಟಿ. ಧಾರ್ಮಿಕ ಸಂಸ್ಥೆಗಳು ಸರ್ಕಾರಕ್ಕೆ ಕೊಡುವ ಸದಸ್ಯರ ಲೆಕ್ಕ ಕೂಡಿಸಿದರೆ 16 ಕೋಟಿ ದಾಟುತ್ತದೆ. ಒಬ್ಬನೇ ಮನುಷ್ಯ ಶಿಂಟೋದಲ್ಲೂ ಬೌದ್ಧದಲ್ಲೂ ಲೆಕ್ಕಕ್ಕೆ ಬೀಳುತ್ತಾನೆ.

ಥಾಯ್ಲೆಂಡ್, ಲಾವೋಸ್‌ಗಳ ವಿಷಯ ತುಳುನಾಡಿನವರಿಗೆ ವಿವರಿಸಬೇಕಾಗಿಲ್ಲ. ಥಾಯ್ ಮನೆಯ ಹಿತ್ತಿಲಲ್ಲೋ ಅಂಗಳದಲ್ಲೋ ಕಂಬದ ಮೇಲೊಂದು ಪುಟ್ಟ ಗುಡಿ ಇರುತ್ತದೆ, ಆ ಜಾಗದ ದೈವಕ್ಕೆ. ಹೂವು, ಊದುಬತ್ತಿ, ಜೊತೆಗೆ ಸ್ಟ್ರಾ ಹಾಕಿಟ್ಟ ಕೆಂಪು ಶರಬತ್ತಿನ ಬಾಟಲಿ. ನಮ್ಮ ದೈವಗಳಿಗೆ ಸೀಯಾಳ ಇಡುತ್ತೇವೆ, ಅವರದು ಕೆಂಪು ಸೋಡ, ಅಷ್ಟೇ ವ್ಯತ್ಯಾಸ. ಬ್ಯಾಂಕಾಕಿನಲ್ಲಿ ಎರವಾನ್ ಎಂಬ ಹೋಟೆಲು ಕಟ್ಟುವಾಗ ಒಂದರ ಮೇಲೊಂದು ಅವಘಡವಾಗಿ, ಜೋಯಿಸರ ಮಾತಿನಂತೆ 1956ರಲ್ಲಿ ಅಲ್ಲಿ ಚತುರ್ಮುಖ ಬ್ರಹ್ಮನನ್ನು ಕೂರಿಸಿದರು. ಪ್ರಶ್ನೆ ಇಡಿಸಿ ನಾಗಬನ ಜೀರ್ಣೋದ್ಧಾರ ಮಾಡುವ ನಮಗೆ ಇದರಲ್ಲೇನು ಅಚ್ಚರಿ? ಇಷ್ಟೆಲ್ಲ ಮಾಡುವವರು ಬೌದ್ಧರೇ.

ಇಗರ್ಜಿ, ಪಳ್ಳಿ ಕಡಿಮೆ ಇದ್ದಲ್ಲಿ ಜಗಳವೂ ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಭೂತಾನದಿಂದ 1990ರ ದಶಕದಲ್ಲಿ ಒಂದು ಲಕ್ಷದಷ್ಟು ನೇಪಾಳಿ ಭಾಷಿಕರು ದೇಶ ಬಿಡಬೇಕಾಯಿತು. ಅವರಲ್ಲಿ ಬಹುಪಾಲು ಹಿಂದೂಗಳು. ಬೌದ್ಧರೇ ಹೆಚ್ಚಿರುವ ಮ್ಯಾನ್ಮಾರ್‌ನಿಂದ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು.

ಇನ್ನು ನೇಪಾಳ. ಕಾಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರು ಇರುವುದು ನಿಮಗೆ ಗೊತ್ತೇ ಇದೆ. 2009ರಲ್ಲಿ ಆ ವಿಷಯದಲ್ಲಿ ಅಲ್ಲಿ ದೊಡ್ಡ ಗಲಾಟೆಯೂ ಆಯಿತು. ಅಲ್ಲಿನ 2021ರ ಜನಗಣತಿಯಲ್ಲಿ ಹಿಂದೂಗಳು ಶೇ. 81, ಬೌದ್ಧರು ಶೇ. 8, ಮುಸ್ಲಿಮರು ಶೇ. 5, ಕ್ರೈಸ್ತರು ಶೇ. 2ಕ್ಕಿಂತ ಕಡಿಮೆ. ನನ್ನ ಕಣ್ಣಿಗೆ ಬಿದ್ದದ್ದು ಕಿರಾತ ಎಂಬ ಕಾಲಮ್ಮು: ಹಿರಿಯರನ್ನು, ಪ್ರಕೃತಿಯನ್ನು ಆರಾಧಿಸುವ ರಾಯಿ, ಲಿಂಬು ಜನ, ಒಂಬತ್ತು ಲಕ್ಷಕ್ಕೂ ಮೇಲೆ. ಲಾವೋಸ್‌ನ 2015ರ ಜನಗಣತಿಯಲ್ಲಾದರೆ ಶೇ. 31ರಷ್ಟು ಮಂದಿ ‘ಧರ್ಮವಿಲ್ಲ’ ಎಂಬಲ್ಲಿ ಬಿದ್ದಿದ್ದಾರೆ. ಗುಡ್ಡಗಾಡಿನ ದೈವಾರಾಧಕರು ಎಷ್ಟೋ ಮಂದಿ ಅದರಲ್ಲೇ ಸೇರಿಹೋಗಿದ್ದಾರೆ. ಅವರು ಊರಿನ ದೈವಕ್ಕೆ ಕೋಳಿ ಕೊಡದೆ ಗದ್ದೆಗೆ ಇಳಿಯುವವರಲ್ಲ. ಅದೇ ಕೋಳಿಯನ್ನು ಬಂಟ್ವಾಳದಲ್ಲೋ ಕಾಪುವಿನಲ್ಲೋ ಕೊಟ್ಟವನನ್ನು ನಮ್ಮ ಗಣತಿದಾರರು ಏನೂ ಕೇಳದೆ ಹಿಂದೂ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ನಮಸ್ಕಾರ.